ಇಲ್ಲದ ಮೀನಿಗೆ ಒಂದು ಚಿಟಿಕೆ

ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವವನು. ಇಪ್ಪತ್ತೆರಡು ವರ್ಷಗಳಿಂದ ಜನ ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ಬಸ್ಸು ಎಷ್ಟೊತ್ತಿಗೆ ಬರುತ್ತದೆ. ಹತ್ತು ನಿಮಿಷ ಎಂದರೆ ನಂಬುವುದಿಲ್ಲ. ಎರಡೇ ನಿಮಿಷಕ್ಕೆ ಮತ್ತೆ ಬಂದು, ಹುಟ್ಟಿದಮೇಲೆ ಇದೇ ಮೊದಲ ಸಲ ಕೇಳುತ್ತಿರುವವರ ಹಾಗೆ ಮುಖ ಮಾಡಿಕೊಂಡು ಅದನ್ನೇ ಕೇಳುತ್ತಾರೆ. ಹೀಗಾಗಿ ಮನುಷ್ಯಜಾತಿಯ ತಾಳ್ಮೆಯ ಬಗ್ಗೆ ನನಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇಲ್ಲ. ಆದರೂ ಮೂವತ್ತಾರು ದಿನ ಕಾದ ಒಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮತ್ತು ಅವನು ಕಾಯುತ್ತಾನೆಂದು ಯಾರೂ, ಅವನ ಸ್ವಂತ ಹೆಂಡತಿಯೂ, ಎಣಿಸಿರಲಿಲ್ಲ.

ನನ್ನ ಕಿಟಕಿಯ ಪಕ್ಕದಲ್ಲೇ ಮರೆತುಹೋದ ಸಾಮಾನುಗಳ ಕೊಠಡಿ. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಟಿಫನ್ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ ಎಲ್ಲ ಅಲ್ಲಿಗೆ ಬರುತ್ತವೆ. ಅವಕ್ಕೆ ಚೀಟಿ ಅಂಟಿಸಿ, ಮೂವತ್ತು ದಿನ ಇಟ್ಟುಕೊಂಡು, ಯಾರೂ ಕೇಳಿಕೊಂಡು ಬರದಿದ್ದರೆ ವಿಲೇವಾರಿ ಮಾಡುವುದು ನಮ್ಮ ಮುಕ್ಕಾಲಪ್ಪನ ಕೆಲಸ. ಅವನ ಮನೆಯೂ ನಮ್ಮ ಮನೆಗೆ ತಾಗಿಕೊಂಡೇ ಇದೆ. ನಡುವೆ ಒಂದೇ ಗೋಡೆ, ಅದೂ ಬಹಳ ತೆಳ್ಳಗಿನದು. ಇಷ್ಟು ಹೇಳಿದಮೇಲೆ, ಅವನ ಮನೆಯ ಮಾತೆಲ್ಲ ನಿನಗೆ ಹೇಗೆ ಗೊತ್ತಾಯಿತೆಂದು ನನ್ನನ್ನು ಯಾರೂ ಕೇಳಬಾರದು.

ಮುಕ್ಕಾಲಪ್ಪ ಎಂದು ಹೆಸರಿಟ್ಟವರು ಅವನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಹಲ್ಲಿನ ಡಾಕ್ಟರು. ಹೆಸರು ಅನ್ಯಾಯದ್ದೆಂದು ನಾನು ಸ್ನೇಹಿತನಾಗಿಯೂ ಹೇಳಲಾರೆ. ಗೇಟಿಗೆ ಹಸಿರು ಬಣ್ಣ ಹೊಡೆಯಲು ಹೊರಟವನು ಮುಕ್ಕಾಲು ಗೇಟಿಗೆ ನಿಲ್ಲಿಸಿದ. ಈಗಲೂ ಅದರ ಕೊನೆಯ ನಾಲ್ಕು ಸಲಾಕೆಗಳು ತುಕ್ಕು ಹಿಡಿದೇ ನಿಂತಿವೆ. ತನ್ನ ಅಂಗಿ ತಾನೇ ಹೊಲಿದುಕೊಳ್ಳುತ್ತೇನೆಂದು ಹೊಲಿಗೆ ಯಂತ್ರದ ಮುಂದೆ ಕೂತ. ಎರಡನೆಯ ತೋಳಿನ ಹೊತ್ತಿಗೆ ಉತ್ಸಾಹ ಇಳಿದುಹೋಯಿತು. ಈಜು ಕಲಿತದ್ದೂ ಮುಕ್ಕಾಲು ಕೊಳದವರೆಗೆ. ಉಳಿದ ಕಾಲು ಭಾಗವನ್ನು ಬೇರೆಯವರು ಅವನನ್ನು ಎಳೆದು ತಂದು ಪೂರೈಸಿದರು.

ಇಂಥವನ ಕೊಠಡಿಗೆ ಒಂದು ದಿನ ಎರಡಡಿ ಉದ್ದದ ಗಾಜಿನ ತೊಟ್ಟಿ ಬಂತು. ಮೀನು ಸಾಕುವ ತೊಟ್ಟಿ. ಕೊಡೆ ಮರೆಯುವುದು ಸರಿ, ಇಷ್ಟು ದೊಡ್ಡ ತೊಟ್ಟಿಯನ್ನು ಸೀಟಿನ ಮೇಲೆ ಬಿಟ್ಟು ಕೈಬೀಸಿಕೊಂಡು ಇಳಿದುಹೋದ ಮಹಾನುಭಾವನ ತಲೆಯಲ್ಲಿ ಆವತ್ತು ಏನಿತ್ತೋ. ಮೂವತ್ತು ದಿನ ಕಳೆದರೂ ಅವನು ಬರಲಿಲ್ಲ. ವಿಲೇವಾರಿಯ ದಿನ ಅದನ್ನು ಯಾರೂ ಮೂಸಿಯೂ ನೋಡಲಿಲ್ಲ. ಕೊನೆಗೆ ಮುಕ್ಕಾಲಪ್ಪನೇ ರಶೀದಿ ಬರೆದು ಮನೆಗೆ ತಂದ. ಇನ್ನೊಂದು ತುದಿ ಹಿಡಿದವನು ನಾನು.

ಅದು ಇನ್ನೂ ಹಿತ್ತಿಲಲ್ಲಿ ಮಗುಚಿ ಬಿದ್ದಿದ್ದಾಗಲೇ ಡಾಕ್ಟರ ಮನೆಗೆ ಗಂಡ ಹೆಂಡತಿಯನ್ನು ಊಟಕ್ಕೆ ಕರೆದರು. ಡಾಕ್ಟರ ಕ್ಲಿನಿಕ್ ಮನೆಯ ಮುಂಭಾಗದಲ್ಲೇ ಇದೆ. ಅಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ. ಬಾಯಿ ಬಿಟ್ಟು ಕೂರುವ ಮೊದಲು ಹತ್ತು ನಿಮಿಷ ಮೀನು ನೋಡಿದರೆ ಜನರ ಹೆದರಿಕೆ ಅರ್ಧ ಇಳಿಯುತ್ತದಂತೆ. ಇದನ್ನು ಡಾಕ್ಟರು ಊಟ ಶುರುವಾದಾಗ ಒಮ್ಮೆ, ನಡುವೆ ಒಮ್ಮೆ, ಕೈತೊಳೆಯುವಾಗ ಒಮ್ಮೆ ಹೇಳಿದರು. ಮೂರನೆಯ ಸಲಕ್ಕೆ ಮುಕ್ಕಾಲಪ್ಪನಿಗೆ ತಡೆಯಲಾಗಲಿಲ್ಲ.

“ನಮ್ಮನೇಲೂ ಇಡ್ತಾ ಇದೀವಿ,” ಎಂದುಬಿಟ್ಟ. “ಮುಂದಿನ ತಿಂಗಳು ಮೂರನೇ ತಾರೀಖು ಎಲ್ಲರೂ ಬನ್ನಿ. ಆರು ಮೀನು ತೋರಿಸ್ತೀನಿ.”

ಡಾಕ್ಟರು ಟವೆಲಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡರು. “ತೊಟ್ಟಿ ಬರುತ್ತೆ ಮುಕ್ಕಾಲಪ್ಪನೋರೇ, ನೀರೂ ಬರುತ್ತೆ. ಮೀನಿನ ಹೊತ್ತಿಗೆ ನಿಮಗೆ ಬೇರೇನೋ ಜ್ಞಾಪಕ ಆಗುತ್ತೆ ಬಿಡಿ.”

ಎಲ್ಲರೂ ನಕ್ಕರು. ಅವನ ಹೆಂಡತಿಯೂ ನಕ್ಕಳು. ಮನೆಗೆ ಬಂದು ಆ ಮುಕ್ಕಾಲು ಹಸಿರು ಗೇಟು ತೆಗೆಯುವಾಗ ಒಂದು ಮಾತು ಹೇಳಿದಳು. ನಾನು ಈಚೆ ಗಿಡಕ್ಕೆ ನೀರು ಹಾಕುತ್ತಿದ್ದೆ.

“ಇದೊಂದನ್ನಾದ್ರೂ ಪೂರ್ತಿ ಮಾಡ್ರೀ. ಅಕ್ಕನ ಮನೆಯವರು ನಕ್ಕಾಗೆಲ್ಲ ನಾನೂ ಜೊತೇಲಿ ನಕ್ಕು ನಕ್ಕು ಸಾಕಾಗಿಹೋಗಿದೆ.”

ಬೈದಿದ್ದರೆ ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಆಕೆ ಬೈಯಲಿಲ್ಲ. ಅವನು ಗೇಟಿನ ಬಳಿಯೇ ಬಹಳ ಹೊತ್ತು ನಿಂತಿದ್ದ. ನಾನು ನೀರು ಹಾಕಿದ ಗಿಡಕ್ಕೇ ಮತ್ತೆ ನೀರು ಹಾಕಿದೆ.

ಮಾರನೆಯ ಬೆಳಿಗ್ಗೆಯೇ ಕೆಲಸ ಶುರುವಾಯಿತು. ತೊಟ್ಟಿಯನ್ನು ಮೊದಲು ಟೀಪಾಯಿಯ ಮೇಲಿಟ್ಟು ನೀರು ತುಂಬಿದ. ಮೂರನೆಯ ಕೊಡಕ್ಕೆ ಟೀಪಾಯಿ ಕಾಲು ಅಗಲಿಸಿತು. ನೀರು ಇಷ್ಟು ಭಾರವಿರುತ್ತದೆಂದು ಮುಕ್ಕಾಲಪ್ಪನಿಗೆ ಆವತ್ತೇ ಗೊತ್ತಾದದ್ದು. ನಾವಿಬ್ಬರೂ ನೀರು ತೋಡಿ, ತೊಟ್ಟಿಯನ್ನು ಹಜಾರದ ಕಿಟಕಿಯ ಕೆಳಗಿನ ಕಲ್ಲಿನ ಜಗಲಿಗೆ ಸಾಗಿಸಿ, ಮತ್ತೆ ತುಂಬಿದೆವು. ಸಣ್ಣ ಕಲ್ಲುಗಳನ್ನು ತೊಳೆದು ಹಾಸಿದ್ದಾಯಿತು, ಒಂದು ಹಸಿರು ಗಿಡ ನೆಟ್ಟದ್ದಾಯಿತು. ಬೀದಿಯಲ್ಲಿ ಹೋಗುವವರಿಗೆಲ್ಲ ತೊಟ್ಟಿ ಚೆನ್ನಾಗಿ ಕಾಣುತ್ತಿತ್ತು. ಆಗ ಅದೇ ದೊಡ್ಡ ಅನುಕೂಲವೆಂದು ನಾವಿಬ್ಬರೂ ಭಾವಿಸಿದ್ದೆವು.

ನಂತರ ಅವನು ಮೀನಿನಂಗಡಿಗೆ ಹೋದ. ಅಂಗಡಿ ನಡೆಸುವಾಕೆ ಐವತ್ತರ ಆಸುಪಾಸಿನವರು, ತೋಳು ಮಡಿಚಿಕೊಂಡು ಸದಾ ಒದ್ದೆ ಕೈಯಲ್ಲಿರುವವರು. ಮುಕ್ಕಾಲಪ್ಪ ಆರು ಮೀನು ಬೇಕೆಂದ. ಕೆಂಪಗಿರಲಿ, ಚುರುಕಾಗಿರಲಿ ಎಂದ.

“ನೀರು ತುಂಬಿಸಿ ಎಷ್ಟು ದಿನ ಆಯ್ತು?” ಎಂದು ಆಕೆ ಕೇಳಿದರು.

“ದಿನ ಏನ್ ಬಂತು, ಈಗ ಒಂದು ಗಂಟೆ ಹಿಂದೆ. ತಾಜಾ ನೀರು.”

“ಹಾಗಾದ್ರೆ ಮೀನು ಕೊಡಲ್ಲ.”

ಗಿರಾಕಿಗೆ ಸಾಮಾನು ಕೊಡುವುದಿಲ್ಲವೆನ್ನುವ ಅಂಗಡಿಯನ್ನು ಅವನು ಅದುವರೆಗೆ ನೋಡಿರಲಿಲ್ಲ. ಆಕೆ ವಿವರಿಸಿದರು. ಮೀನಿನ ಹೊಲಸೇ ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಮುಗಿಸುವ, ಕಣ್ಣಿಗೆ ಕಾಣದ ಹುಳಗಳಿವೆ. ಅವು ಫಿಲ್ಟರಿನ ಸ್ಪಂಜಿನಲ್ಲಿ ಸಂಸಾರ ಹೂಡಬೇಕು. ಹೊಸ ನೀರಿನಲ್ಲಿ ಅವು ಇರುವುದಿಲ್ಲ. ಅವಿಲ್ಲದೆ ಮೀನು ಬಿಟ್ಟರೆ ವಾರದೊಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಆದ್ದರಿಂದ ಫಿಲ್ಟರ್ ಹಾಕಿ, ದಿನಕ್ಕೊಂದು ಚಿಟಿಕೆ ಮೀನಿನ ಊಟವನ್ನು ಖಾಲಿ ನೀರಿಗೆ ಉದುರಿಸಬೇಕು. ಅದು ಕೊಳೆತು ವಿಷವಾಗಿ, ವಿಷ ತಿಂದು ಹುಳ ಬೆಳೆದು, ಸುಮಾರು ಮೂವತ್ತು ದಿನಕ್ಕೆ ನೀರು ಹದಕ್ಕೆ ಬರುತ್ತದೆ. ಹದ ನೋಡಲು ಒಂದು ಪುಟ್ಟ ಸೀಸೆ ಕೊಟ್ಟರು. ಅದರ ಜೊತೆಗೆ ಕೊಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಆ ಸೀಸೆಯ ಹನಿ ಬಿಡಬೇಕು. ಹಸಿರಾದರೆ ವಿಷ ಇದೆ, ಹಳದಿಯಾದರೆ ಮುಗಿದಿದೆ. ಹಳದಿಯಾಗುವವರೆಗೆ ಅಂಗಡಿಯ ಕಡೆ ತಲೆ ಹಾಕಬೇಡಿ ಎಂದರು.

ಬೇರೆ ಯಾರಾದರೂ ಆಗಿದ್ದರೆ ಮುಂದಿನ ಬೀದಿಯ ಇನ್ನೊಂದು ಅಂಗಡಿ ಹುಡುಕುತ್ತಿದ್ದರು. ಮುಕ್ಕಾಲಪ್ಪನಿಗೆ ಮಾತ್ರ ಮೂವತ್ತು ದಿನ ಎಂಬುದು ಹಳೆಯ ಪರಿಚಯ. ಕೊಡೆಗೆ ಮೂವತ್ತು, ಚಪ್ಪಲಿಗೆ ಮೂವತ್ತು, ಮೀನಿಗೂ ಮೂವತ್ತು. ಪ್ರಪಂಚದಲ್ಲಿ ಇನ್ನೊಂದು ಕಡೆಯೂ ಶಿಸ್ತಿದೆಯೆಂದು ಅವನಿಗೆ ಸಮಾಧಾನವೇ ಆಯಿತು.

ಒಂದು ವಿಷಯವನ್ನು ಮಾತ್ರ ಅವನು ಹೆಂಡತಿಗೆ ಹೇಳಲಿಲ್ಲ. ಆಕೆ ಒರೆಸುವ ಬಟ್ಟೆಯನ್ನೂ ಕುದಿಸಿ ಒಣಗಿಸುವವಳು. ಹಜಾರದಲ್ಲಿ ಹುಳ ಸಾಕುತ್ತಿದ್ದೇನೆಂದರೆ ಸಂಜೆಯೊಳಗೆ ತೊಟ್ಟಿ ಬೀದಿಯಲ್ಲಿರುತ್ತಿತ್ತು. ನೀರು ಹದವಾಗಬೇಕಂತೆ, ಸ್ವಲ್ಪ ದಿನ ಹಿಡಿಯುತ್ತದಂತೆ ಎಂದಷ್ಟೇ ಹೇಳಿದ. ಆಕೆಗೆ ಅದು ಗೇಟಿನ ನಾಲ್ಕು ಸಲಾಕೆಗಳ ಮಾತಿನಂತೆಯೇ ಕೇಳಿಸಿರಬೇಕು. ಎದ್ದು ಒಳಗೆ ಹೋದಳು.

ಅಲ್ಲಿಂದ ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಬೀದಿಗೆ ಒಂದು ನೋಟ ಸಿಗತೊಡಗಿತು. ಮುಕ್ಕಾಲಪ್ಪ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಕಿಟಕಿಯ ಬಳಿ ಬರುವನು. ಡಬ್ಬಿಯಿಂದ ಒಂದು ಚಿಟಿಕೆ ಊಟ ತೆಗೆದು ನೀರಿನ ಮೇಲೆ ಉದುರಿಸುವನು. ಬಗ್ಗಿ ನೋಡುವನು, ತಲೆಯಾಡಿಸುವನು, ಕೆಲಸಕ್ಕೆ ಹೊರಡುವನು. ತೊಟ್ಟಿಯಲ್ಲಿ ಗುಳ್ಳೆಗಳಿದ್ದವು, ಕಲ್ಲಿದ್ದವು, ಗಿಡವಿತ್ತು. ಮೀನು ಒಂದೂ ಇರಲಿಲ್ಲ.

ಎದುರುಮನೆಯ ಮೇಷ್ಟ್ರು ಇದನ್ನು ನಾಲ್ಕನೆಯ ದಿನ ಗಮನಿಸಿದರು. ಮೂವತ್ತೈದು ವರ್ಷ ವ್ಯಾಕರಣ ಕಲಿಸಿ ನಿವೃತ್ತರಾದವರು. ಮೂರು ವಾರದ ಹಿಂದಷ್ಟೇ ಅವರ ಕಣ್ಣಿನ ಪೊರೆ ತೆಗೆದಿದ್ದರು. ಈಗ ತಮಗೆ ಇಪ್ಪತ್ತು ವರ್ಷದ ಕಣ್ಣು ಬಂದಿದೆಯೆಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಂಥವರು ಜಗಲಿಯಲ್ಲಿ ಕೂತು ನೋಡುತ್ತಾರೆ: ಎದುರಿನವನು ಶ್ರದ್ಧೆಯಿಂದ ಮೀನಿಗೆ ಊಟ ಹಾಕುತ್ತಿದ್ದಾನೆ, ಮೀನು ಕಾಣಿಸುತ್ತಿಲ್ಲ. ತಮ್ಮ ಕಣ್ಣೇ ಕೈಕೊಟ್ಟಿತೆಂದು ಮೇಷ್ಟ್ರು ಹೆದರಿದರು. ಎದ್ದು ಕಿಟಕಿಯವರೆಗೂ ಬಂದರು. ಆಗಲೂ ಕಾಣಿಸಲಿಲ್ಲ. ಮೀನೆಲ್ಲಿ ಎಂದು ಕೇಳಿದರೆ ಇಪ್ಪತ್ತು ವರ್ಷದ ಕಣ್ಣಿನ ಮಾನ ಏನಾಗಬೇಕು? ಚೆನ್ನಾಗಿವೆ, ಬಣ್ಣ ಚೆನ್ನಾಗಿದೆ ಎಂದರು. ಕಲ್ಲುಗಳನ್ನು ಹೊಗಳುತ್ತಿದ್ದಾರೆಂದು ತಿಳಿದ ಮುಕ್ಕಾಲಪ್ಪ ಕೈ ಮುಗಿದ.

ಆಮೇಲೆ ಮೇಷ್ಟ್ರು ದಿನವೂ ಬಂದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು, ಭೂತಗನ್ನಡಿ ತಂದು ನೋಡಿದರು. ಏಳನೆಯ ದಿನ ಸೀದಾ ಕಣ್ಣಿನ ಡಾಕ್ಟರ ಬಳಿ ಹೋಗಿ ಜಗಳಕ್ಕೆ ನಿಂತರು. ಡಾಕ್ಟರು ಅಕ್ಷರದ ಫಲಕ ಓದಿಸಿದರು. ಮೇಷ್ಟ್ರು ಕೊನೆಯ ಸಾಲನ್ನೂ, ಅದರ ಕೆಳಗೆ ಇರುವೆಯಷ್ಟು ಸಣ್ಣಗಿದ್ದ ಮುದ್ರಕರ ವಿಳಾಸವನ್ನೂ ಗಟ್ಟಿಯಾಗಿ ಓದಿದರು. ಅಕ್ಷರ ಕಾಣುತ್ತದೆ, ಮೀನು ಕಾಣುವುದಿಲ್ಲ ಎಂದರು. ಮೀನು ಮಾತ್ರ ಕಾಣದಿರುವ ಕಾಯಿಲೆಯನ್ನು ತಾನು ಓದಿಲ್ಲವೆಂದು ಆ ಡಾಕ್ಟರು ಒಪ್ಪಿಕೊಂಡು, ಯಾವುದಕ್ಕೂ ಇರಲಿ ಎಂದು ದಿನಕ್ಕೆ ಮೂರು ಸಲ ಹಾಕಿಕೊಳ್ಳಲು ಉರಿಯುವ ಔಷಧಿ ಬರೆದುಕೊಟ್ಟರು.

ಹತ್ತು ದಿನ ಹನಿ ಹಾಕಿದ ಮೇಲೆ, ಹಾಕುತ್ತಿದ್ದ ಸೊಸೆ, ಇದು ಯಾಕೆಂದು ಕೇಳಿದಳು. ಮೇಷ್ಟ್ರು ಗುಟ್ಟು ಬಿಟ್ಟುಕೊಟ್ಟರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ರಸ್ತೆ ದಾಟಿ ಬಂದು, ಕಿಟಕಿಯಲ್ಲಿ ಇಣುಕಿ, ವಾಪಸು ಹೋದಳು.

“ಮಾವ, ನಿಮ್ಮ ಕಣ್ಣು ಸರಿಯಾಗೇ ಇದೆ,” ಎಂದಳು. “ಅವರ ತಲೆ ಸರಿ ಇಲ್ಲ.”

ಸುದ್ದಿ ಮಧ್ಯಾಹ್ನದೊಳಗೆ ಬೀದಿ ಸುತ್ತಿತು, ಸಂಜೆಯೊಳಗೆ ಬಸ್ ನಿಲ್ದಾಣ ತಲುಪಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಕಿಟಕಿಯಲ್ಲಿ ಜನ ಬೇರೆ ಪ್ರಶ್ನೆ ಕೇಳಿದರು. ಡಿಪೋ ಮ್ಯಾನೇಜರು ಮುಕ್ಕಾಲಪ್ಪನನ್ನು ಕರೆಸಿ, ಕುರ್ಚಿ ಕೊಟ್ಟು, ನಿದ್ದೆ ಚೆನ್ನಾಗಿ ಬರುತ್ತಾ, ಮನೆಯಲ್ಲಿ ಎಲ್ಲ ಆರಾಮವಾ ಎಂದು ಮೆಲ್ಲಗೆ ವಿಚಾರಿಸಿ, ಕೇಳದೆಯೇ ಮೂರು ದಿನ ರಜೆ ಕೊಟ್ಟರು. ತನ್ನ ಕೆಲಸ ಮೆಚ್ಚಿ ಕೊಟ್ಟದ್ದೆಂದು ತಿಳಿದು ಇವನು ಮೂರು ದಿನವೂ ತೊಟ್ಟಿಯ ಮುಂದೆಯೇ ಕೂತ. ನೋಡುವವರಿಗೆ ಇದ್ದ ಅನುಮಾನವೂ ಹೋಯಿತು.

ಕೊನೆಗೆ ಗೊತ್ತಾದದ್ದು ಹೆಂಡತಿಗೆ. ಎದುರುಮನೆಯ ಸೊಸೆ ಬಂದು ಆಕೆಯ ಎರಡೂ ಕೈ ಹಿಡಿದುಕೊಂಡು, ಧೈರ್ಯವಾಗಿರಿ, ಈಗೆಲ್ಲ ಒಳ್ಳೊಳ್ಳೆ ಔಷಧಿ ಇದೆ ಎಂದಳಂತೆ. ಅವಳು ಹೋದಮೇಲೆ ಗೋಡೆಯಾಚೆ ವಿಚಾರಣೆ ನಡೆಯಿತು. ಮುಕ್ಕಾಲಪ್ಪ ಬೇರೆ ದಾರಿ ಕಾಣದೆ ಹುಳದ ವಿಷಯ ಹೇಳಿದ.

“ಹುಳಾನಾ? ನಮ್ಮ ಹಜಾರದಲ್ಲಾ?” ಎಂಬ ದನಿ ಕೇಳಿಸಿತು. “ಎಷ್ಟಿವೆ?”

“ಕೋಟಿಗಟ್ಟಲೆ.”

ನಾನು ತೊಟ್ಟಿ ಒಡೆಯುವ ಸದ್ದಿಗೆ ಕಾದಿದ್ದೆ.

“ಅವು ಬಂದ್ರೆ ಮೀನು ಬರೋದು ಖಂಡಿತಾ ತಾನೇ?” ಎಂದು ಆಕೆ ಕೇಳಿದಳು. ಅವನು ಖಂಡಿತ ಎಂದ. ಸರಿ ಎಂದಳು. ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

ಮೇಷ್ಟ್ರಿಗೆ ಅಷ್ಟು ಸುಲಭದಲ್ಲಿ ಸಿಟ್ಟಿಳಿಯಲಿಲ್ಲ. ಹತ್ತು ದಿನ ಕಣ್ಣುರಿ ಅನುಭವಿಸಿದವರು ಅವರು. ನಗರಸಭೆಯ ಆರೋಗ್ಯ ಶಾಖೆಗೆ ಒಂದು ದೂರು ಬರೆದರು: ಸದರಿ ಮನೆಯಲ್ಲಿ ಮೂರು ವಾರಗಳಿಂದ ನೀರು ನಿಲ್ಲಿಸಿಕೊಂಡಿದ್ದಾರೆ, ಅದರಲ್ಲಿ ಮೀನಿಲ್ಲ, ಸೊಳ್ಳೆಯಾಗುತ್ತದೆ. ಒಂದೇ ಒಂದು ಕಾಗುಣಿತದ ತಪ್ಪಿಲ್ಲದ ದೂರು ಆ ಕಚೇರಿಗೆ ಬಂದದ್ದು ಅದೇ ಮೊದಲಂತೆ. ಅದಕ್ಕೇ ಇರಬೇಕು, ತಕ್ಷಣ ಕ್ರಮ ಕೈಗೊಂಡರು.

ಇಪ್ಪತ್ತೆರಡನೆಯ ದಿನ ಆರೋಗ್ಯ ನಿರೀಕ್ಷಕರು ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಉದ್ದ ಹಿಡಿಯ ಸೌಟು ಮತ್ತು ಬಿಳಿ ತಟ್ಟೆ. ಐದು ಸಲ ಸೌಟಿನಲ್ಲಿ ನೀರು ತೆಗೆದು ತಟ್ಟೆಗೆ ಸುರಿದು ಹುಡುಕಿದರು. ಫಿಲ್ಟರ್ ನೀರನ್ನು ಕದಡುತ್ತಲೇ ಇರುವುದರಿಂದ ಸೊಳ್ಳೆಮರಿ ಒಂದೂ ಸಿಗಲಿಲ್ಲ. ಆದರೆ ಸಿಗದಿದ್ದರೆ ಏನು ಮಾಡಬೇಕೆಂದು ಅವರ ನಮೂನೆಯಲ್ಲಿ ಇರಲಿಲ್ಲ. ಅದರಲ್ಲಿ ಇದ್ದದ್ದು ಎರಡೇ ಕಲಂ: ಮೀನು ಬಿಡಲಾಗಿದೆ, ನೀರು ಖಾಲಿ ಮಾಡಲಾಗಿದೆ. ಎರಡರಲ್ಲಿ ಒಂದಕ್ಕೆ ಗುರುತು ಹಾಕಲೇಬೇಕು. ಏಳು ದಿನದ ನೋಟೀಸು ಕೊಟ್ಟರು.

ಮುಕ್ಕಾಲಪ್ಪ ಬೆರಳು ಮಡಿಚಿ ಎಣಿಸಿದ. ಏಳು ದಿನ ಅಂದರೆ ಇಪ್ಪತ್ತೊಂಬತ್ತಕ್ಕೆ. ಒಂದೇ ಒಂದು ದಿನ ಹೆಚ್ಚು ಕೊಡಿ ಎಂದು ಅಂಗಲಾಚಿದ. ನಿರೀಕ್ಷಕರು ಕೆಟ್ಟವರಲ್ಲ, ಆದರೆ ಎಂಟು ದಿನದ ನೋಟೀಸು ಎಂಬುದನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಮೇಲಾಗಿ ಆ ಇಪ್ಪತ್ತೊಂಬತ್ತನೆಯ ದಿನವೇ ಮೂರನೇ ತಾರೀಖು, ಷಡ್ಡಕರು ಬರುವ ದಿನ.

ನಾನು ಒಂದು ಉಪಾಯ ಹೇಳಿದೆ. ಯಾವುದಾದರೂ ಎರಡು ಮೀನು ತಂದು ಅವತ್ತಿನ ಮಟ್ಟಿಗೆ ಬಿಡು, ನಿರೀಕ್ಷಕರು ಗುರುತು ಹಾಕಿಕೊಂಡು ಹೋಗಲಿ, ಆಮೇಲೆ ಏನಾದರೂ ಆಗಲಿ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ಸಾಯ್ತವೆ ಅಂತ ಗೊತ್ತಿದ್ದೂ ಬಿಡೋದಾ?” ಎಂದ.

ನನಗೆ ನಾಚಿಕೆಯಾಯಿತು. ಅವನ ಮುಂದೆ ನನಗೆ ನಾಚಿಕೆಯಾದದ್ದು ಅದೇ ಮೊದಲು.

ಅವನಿಗಿದ್ದ ಚಿಂತೆ ಬೇರೆಯೇ. ದಿನವೂ ನಳಿಗೆಗೆ ಹನಿ ಬಿಟ್ಟು ನೋಡಿದರೆ ಹಸಿರು. ತಿಳಿಯಾಗಬೇಕಾದ ಹಸಿರು ಈಚೆಗೆ ಗಾಢವಾಗುತ್ತಿತ್ತು. ಇಪ್ಪತ್ತೇಳನೆಯ ದಿನ ತಾಳಲಾರದೆ ನಳಿಗೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದ. ಅಂಗಡಿಯಾಕೆ ಬೆಳಕಿಗೆ ಹಿಡಿದು ನೋಡಿ, ಊಟ ಹೆಚ್ಚು ಹಾಕುತ್ತಿದ್ದೀರಿ ಎಂದರು. ದಿನಕ್ಕೆ ಒಂದೇ ಚಿಟಿಕೆ ಎಂದು ಇವನು ಆಣೆ ಮಾಡಿದ. ಇದು ಎರಡು ಚಿಟಿಕೆಯ ಹಸಿರು, ನನ್ನ ಹತ್ತಿರ ಸುಳ್ಳು ಹೇಳಬೇಡಿ ಎಂದು ಆಕೆ ಅವನನ್ನು ಹೊರಗೆ ಕಳಿಸಿದರು. ಜೀವನದಲ್ಲಿ ಮೊದಲ ಸಲ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದವನು, ಸುಳ್ಳನೆನಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ.

ಇಪ್ಪತ್ತೊಂಬತ್ತನೆಯ ದಿನ ಹತ್ತು ಗಂಟೆಗೆ ಅವರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿರೀಕ್ಷಕರು ನಮೂನೆ ಹಿಡಿದು ಬಂದಿದ್ದರು. ದೂರುದಾರರಾಗಿ ಮೇಷ್ಟ್ರು, ಮೇಷ್ಟ್ರ ಹಿಂದೆ ಸೊಸೆ. ನೆರೆಯವನಾಗಿ ನಾನು. ಅಷ್ಟರಲ್ಲಿ ಗೇಟಿನ ಸದ್ದಾಗಿ ಹಲ್ಲಿನ ಡಾಕ್ಟರು ಹೆಂಡತಿಯ ಜೊತೆ ಒಳಗೆ ಬಂದರು. ಅವರ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಆರು ಕೆಂಪು ಮೀನು.

“ನನಗೆ ಗೊತ್ತಿತ್ತು,” ಎಂದರು ಡಾಕ್ಟರು, ಖಾಲಿ ತೊಟ್ಟಿಯ ಕಡೆ ನೋಡಿ. “ಅದಕ್ಕೇ ಮೀನು ನಾನೇ ತಂದೆ. ಸುರಿದುಬಿಡಿ, ಕಥೆ ಮುಗೀಲಿ.”

ನಿರೀಕ್ಷಕರ ಮುಖ ಅರಳಿತು. ಸುರಿದರೆ ಮೊದಲನೆಯ ಕಲಂಗೆ ಗುರುತು ಹಾಕಿ ಹೊರಡಬಹುದು. ಅವರು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರು ಈ ಸಲವಾದರೂ ಮೀನು ನೋಡೋಣವೆಂದು ಮುಂದೆ ಬಂದರು. ಎಲ್ಲರ ಪಾಲಿಗೂ ಆ ಚೀಲದಲ್ಲಿ ಪರಿಹಾರವಿತ್ತು. ಆರು ಮೀನು ಎಂದು ಅವನು ಕೊಟ್ಟ ಮಾತೂ ಅದರಲ್ಲೇ ಈಜುತ್ತಿತ್ತು.

ಮುಕ್ಕಾಲಪ್ಪ ನಳಿಗೆ ತೆಗೆದುಕೊಂಡ. ನೀರು ಹಿಡಿದು ಹನಿ ಬಿಟ್ಟ. ಐದು ನಿಮಿಷ, ಬಂದಿದ್ದ ಆರು ಜನವೂ ಒಂದು ನಳಿಗೆಯನ್ನೇ ನೋಡಿದೆವು. ಹಸಿರಾಯಿತು. ಅವನು ಅದನ್ನು ಕೆಳಗಿಟ್ಟು, ತೊಟ್ಟಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ನಿಂತ.

“ಬಿಡಲ್ಲ.”

ಹಾಗಾದರೆ ಖಾಲಿ ಮಾಡಿ ಎಂದರು ನಿರೀಕ್ಷಕರು.

“ಅದೂ ಮಾಡಲ್ಲ.”

ಡಾಕ್ಟರು ಎಲ್ಲರ ಕಡೆ ತಿರುಗಿ ನಕ್ಕರು. “ನೋಡಿದ್ರಾ? ಸರಿಯಾಗಿ ಮುಕ್ಕಾಲಿಗೆ ಬಂದು ನಿಂತ್ರು.”

ಮೇಷ್ಟ್ರ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಾತ್ರ ಈ ಸಲ ನಗಲಿಲ್ಲ. ಮುಂದೆ ಬಂದಳು.

“ಭಾವ, ಅವರೇನೂ ನಿಂತಿಲ್ಲ,” ಎಂದಳು. “ನೀರು ಹಸಿರಾಗಿರೋದು ನನ್ನಿಂದ. ದಿನಾ ಅವರು ಕೆಲಸಕ್ಕೆ ಹೋದ್ಮೇಲೆ ನಾನೂ ಒಂದು ಚಿಟಿಕೆ ಹಾಕ್ತಿದ್ದೆ. ಕೋಟಿಗಟ್ಟಲೆ ಇವೆ ಅಂದ್ರು. ಅಷ್ಟಕ್ಕೆಲ್ಲ ಒಂದು ಚಿಟಿಕೆ ಹೊಟ್ಟೆಗೆ ಎಲ್ಲಿ ಸಾಲುತ್ತೆ ಅಂತ.”

ಮುಕ್ಕಾಲಪ್ಪ ಚಾಚಿದ್ದ ಕೈ ಹಾಗೇ ಇಟ್ಟುಕೊಂಡು ಹೆಂಡತಿಯ ಕಡೆ ತಿರುಗಿದ. ಬೀದಿ ಅವನನ್ನು ಹುಚ್ಚನೆಂದಿತ್ತು, ಡಿಪೋ ರಜೆ ಕೊಟ್ಟಿತ್ತು, ಸ್ನೇಹಿತನಾದ ನಾನೇ ಕಳ್ಳದಾರಿ ತೋರಿಸಿದ್ದೆ. ಒರೆಸುವ ಬಟ್ಟೆ ಕುದಿಸುವ ಈ ಹೆಂಗಸು ಹತ್ತು ದಿನದಿಂದ ಅವನ ಹುಳಗಳಿಗೆ ಕದ್ದು ಊಟ ಹಾಕಿದ್ದಳು. ಅವನ ಕಣ್ಣು ತುಂಬಿ ಬಂತು.

“ನನಗೊಂದು ಮಾತು ಹೇಳೋದಲ್ವೇನೆ?” ಎಂದ.

“ಹೇಳಿದ್ರೆ ಬೇಡ ಅಂತಿದ್ರಿ.”

ಆಗ ಬಾಯಿ ಬಿಟ್ಟವರು ಆಕೆಯ ಅಕ್ಕ, ಹಲ್ಲಿನ ಡಾಕ್ಟರ ಹೆಂಡತಿ. ಅದುವರೆಗೆ ಚೀಲದಲ್ಲಿದ್ದ ಮೀನುಗಳನ್ನೇ ನೋಡುತ್ತ ನಿಂತಿದ್ದವರು, ಗಂಡನ ಕೈಯಿಂದ ಚೀಲ ತೆಗೆದುಕೊಂಡರು.

“ಬಲವಂತ ಮಾಡ್ಬೇಡ್ರೀ. ನಮ್ಮಲ್ಲಿ ತಿಂಗಳಿಗೆ ಎಷ್ಟು ಸಾಯ್ತವೆ ಅನ್ನೋದು ನನಗಲ್ವಾ ಗೊತ್ತಿರೋದು? ಕ್ಲಿನಿಕ್ ಬಾಗಿಲು ತೆಗೆಯೋಕೆ ಮುಂಚೆ ಸತ್ತದ್ದನ್ನ ಎತ್ತಿ ಬಿಸಾಕಿ, ಅದೇ ಬಣ್ಣದ್ದು ತಂದು ಬಿಡೋಳು ನಾನು.”

ಇಪ್ಪತ್ತು ವರ್ಷಗಳಿಂದ ಊರವರ ಬಾಯಿ ತೆಗೆಸಿದ ಡಾಕ್ಟರು ಆವತ್ತು ತಮ್ಮದನ್ನು ಮುಚ್ಚಿಕೊಂಡರು. ಕುರ್ಚಿ ಎಳೆದುಕೊಂಡು ಕೂತು, ನೆಲದ ಒಂದು ಹಾಸುಗಲ್ಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಪೆನ್ನು ಹಿಡಿದ ನಿರೀಕ್ಷಕರು ಇನ್ನೂ ನಿಂತೇ ಇದ್ದರು. ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದರು. ಹಿಂಭಾಗದಲ್ಲಿ ತೀರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಷರಾ’ ಎಂದಿತ್ತು. ಹದಿನೆಂಟು ವರ್ಷದ ನೌಕರಿಯಲ್ಲಿ ಅವರಾಗಲಿ, ಅವರಿಗೆ ಗೊತ್ತಿದ್ದ ಯಾರೇ ಆಗಲಿ ಅಲ್ಲಿ ಒಂದಕ್ಷರ ಬರೆದವರಲ್ಲ. ಇನ್ನೆಷ್ಟು ದಿನ ಬೇಕು ಎಂದು ಕೇಳಿದರು. ಒಂದೇ ಚಿಟಿಕೆಯಾದರೆ ಒಂದು ವಾರ ಎಂದ ಮುಕ್ಕಾಲಪ್ಪ. ನಿರೀಕ್ಷಕರು ಕುಳಿತು, ಯೋಚಿಸಿ, ಬರೆದರು: ‘ನೀರು ಹದಕ್ಕೆ ಬರುತ್ತಲಿದೆ. ಗಂಡ ಹೆಂಡತಿ ಇಬ್ಬರೂ ಊಟ ಹಾಕಿದ್ದರಿಂದ ವಿಳಂಬವಾಗಿರುತ್ತದೆ. ಒಂದು ವಾರ ಬಿಟ್ಟು ನೋಡತಕ್ಕದ್ದು.’ ಮೇಷ್ಟ್ರು ಹೆಗಲ ಮೇಲಿಂದ ಬಗ್ಗಿ ಓದಿ, ಒಂದು ಅಲ್ಪವಿರಾಮ ಬೇಕೆಂದು ತೋರಿಸಿಕೊಟ್ಟರು. ಅವರ ದೂರು ಅಲ್ಲಿಗೆ ಮುಗಿಯಿತು. ಡಾಕ್ಟರ ಆರು ಮೀನು ಅದೇ ಚೀಲದಲ್ಲಿ, ಅಕ್ಕನ ಮಡಿಲಲ್ಲಿ ಕೂತು ವಾಪಸು ಹೋದವು.

ಮುಂದಿನ ವಾರ ಬೆಳಿಗ್ಗೆ ಎಂಟು ಗಂಟೆಗೆ ಒಂದೇ ಚಿಟಿಕೆ. ಅದನ್ನು ಒಂದು ದಿನ ಅವನು, ಒಂದು ದಿನ ಆಕೆ. ಹಸಿರು ತಿಳಿಯಾಯಿತು, ಇನ್ನೂ ತಿಳಿಯಾಯಿತು. ಮೂವತ್ತಾರನೆಯ ದಿನ ಹಳದಿ. ಮುಕ್ಕಾಲಪ್ಪ ತನ್ನ ಕಣ್ಣನ್ನು ತಾನೇ ನಂಬದೆ ಎದುರುಮನೆಯಿಂದ ಮೇಷ್ಟ್ರನ್ನು ಕರೆತಂದ. ಮೇಷ್ಟ್ರು ನಳಿಗೆಯನ್ನು ಬಿಸಿಲಿಗೆ ಹಿಡಿದು, ಎಡಗಣ್ಣಲ್ಲಿ ಒಮ್ಮೆ, ಬಲಗಣ್ಣಲ್ಲಿ ಒಮ್ಮೆ ನೋಡಿ, ಅಪ್ಪಟ ಹಳದಿ ಎಂದು ತೀರ್ಪು ಕೊಟ್ಟರು.

ಗಂಡ ಹೆಂಡತಿ ಇಬ್ಬರೂ ಕೂಡಿ ಅಂಗಡಿಗೆ ಹೋದರು. ಅಂಗಡಿಯಾಕೆ ನಳಿಗೆ ನೋಡಿದರು, ಅವರಿಬ್ಬರನ್ನು ನೋಡಿದರು, ಏನೂ ಕೇಳದೆ ಬಲೆ ಕೈಗೆತ್ತಿಕೊಂಡರು. ಐದು ಮೀನು ಅವನು ಆರಿಸಿದ, ಆರನೆಯದು ಆಕೆ. ಮೂಲೆಯಲ್ಲಿದ್ದ ಚಿಕ್ಕದೊಂದನ್ನು ತೋರಿಸಿ ಅದೇ ಬೇಕೆಂದಳು. ಮನೆಗೆ ಬಂದು ಚೀಲವನ್ನು ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಬಿಟ್ಟು, ಮೆಲ್ಲಗೆ ಬಾಯಿ ಬಿಚ್ಚಿದರು. ಆರೂ ಒಂದೊಂದಾಗಿ ಹೊರಬಂದವು. ಗಿಡ ಸುತ್ತಿದವು, ಕಲ್ಲು ಮೂಸಿದವು, ಏನೂ ಆಗಿಲ್ಲವೆಂಬಂತೆ ಓಡಾಡಿದವು. ಕಿಟಕಿಯ ಹೊರಗೆ ಅರ್ಧ ಬೀದಿ ನಿಂತಿತ್ತು.

ಮುಕ್ಕಾಲಪ್ಪನ ಕೈ ರೂಢಿಯಂತೆ ಡಬ್ಬಿಗೆ ಹೋಯಿತು. ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಮೀನು ಬಂದ ದಿನ ಊಟ ಹಾಕಬಾರದೆಂದು ಅಂಗಡಿಯಾಕೆ ಎರಡೆರಡು ಸಲ ಹೇಳಿದ್ದರು. ಮೂವತ್ತಾರು ದಿನ ಇಲ್ಲದ ಮೀನಿಗೆ ಊಟ ಹಾಕಿದ ಮನುಷ್ಯ, ಮೀನು ಬಂದ ದಿನ ಕೈ ಕಟ್ಟಿಕೊಂಡು ಕೂತ. ಆಕೆಯೂ ಪಕ್ಕದಲ್ಲಿ ಕೂತಳು. ಜನ ಚದುರಿದ ಮೇಲೂ ಇಬ್ಬರೂ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಅಕ್ಕನಿಗೆ ಫೋನು ಹಚ್ಚಿದಳು. ಕಿಟಕಿ ತೆರೆದೇ ಇತ್ತು, ದನಿಯನ್ನು ತಗ್ಗಿಸುವ ಪ್ರಯತ್ನವನ್ನೂ ಆಕೆ ಮಾಡಲಿಲ್ಲ.

“ಆರೂ ಇವೆ ಅಕ್ಕ, ಆರಾಮಾಗಿವೆ. ನಾಳೆ ಊಟಕ್ಕೆ ಇಲ್ಲಿಗೇ ಬನ್ನಿ. ಭಾವನಿಗೆ ಹೇಳು, ಬರೋವಾಗ ಮೀನು ತರೋದೇನೂ ಬೇಡ.”